ಬಿಸಿ ಸಂಧಿ

ಡಾಂಬರಿನವರು ಒಂದೆಡೆ ಸಿಗುವುದು ಜನವರಿಯಲ್ಲಿ ಮಾತ್ರ.
ನೆಲ ಹೆಪ್ಪುಗಟ್ಟಿದ ಮೇಲೆ ಯಾವ ಯಂತ್ರವೂ ಅಲುಗದು,
ಆಗ ಬಾಯಿ ಅಲುಗುತ್ತದೆ.

ಬಿಸ್ಮಾರ್ಕ್ ಊರಂಚಿನ ಮೋಟೆಲು. ಹೊರಗೆ ಮೈನಸ್ ಇಪ್ಪತ್ತೊಂಬತ್ತು.
ಮಿಸೌರಿ ನದಿಯ ಮೇಲೆ ಮೀನು ಹಿಡಿಯುವವರ ಗುಡಿಸಲು.
ಒಳಗೆ, ಯಾರದೋ ಮದುವೆಗೆ ಕಟ್ಟಿ ಬಿಚ್ಚಲು ಮರೆತ ಬಲೂನುಗಳಡಿ
ಮೂರು ಸಂಘ, ಮೂರು ಮೇಜು, ಮೂರು ಕಾಫಿ ಪಾತ್ರೆ.
ನಡಾವಳಿ ಬರೆಯಲು ತಾಸಿಗಿಷ್ಟೆಂದು ಗೊತ್ತುಮಾಡಿಕೊಂಡ ನಾನು
ಯಾವ ಮೇಜಿಗೂ ಸೇರದೆ ಹೀಟರಿನ ಪಕ್ಕ.

ಜಲ್ಲಿ ಒಡೆಯುವವರ ಕಡೆಯಿಂದ ಲವೋನ್ ಫೆಟರ್ ಎದ್ದಳು:
"ನೂರಕ್ಕೆ ತೊಂಬತ್ತೈದು ಪಾಲು ನಮ್ಮ ಕಲ್ಲು.
ಹೆಸರಿನಲ್ಲೂ ಕಲ್ಲೇ ಮೊದಲು ಬರಲಿ."
ಕಚ್ಚಾ ಎಣ್ಣೆಯ ತಳದ ಕರಿಯನ್ನು ಮಾರುವ ಮಾರ್ಲಿನ್ ಬೆಕ್ಲುಂಡ್ ನಕ್ಕ:
"ಉಳಿದ ಐದು ಪಾಲು ಇಲ್ಲದೆ ನಿಮ್ಮದು ಬರೀ ರಾಶಿ."
ಹಾಸುವವರ ಹಾಲ್ವರ್ ಟ್ವೆಟನ್ ಏನೂ ಅನ್ನಲಿಲ್ಲ,
ಕೈಗಳನ್ನು ಮೇಜಿನ ಮೇಲಿಟ್ಟ.
ಉಗುರಿನ ಸಂದಿಯ ಕಪ್ಪು ಅಕ್ಟೋಬರಿನಿಂದ ಹೋಗಿಲ್ಲವಂತೆ.

ಎದುರಾಳಿಯ ಹೆಸರೆತ್ತುವಾಗ ಮಾತ್ರ ಮೂವರ ದನಿಯೂ ಒಂದೇ:
ಕಾಂಕ್ರೀಟು.
ಅವರಿಗೆ ಒಂದೇ ಸಂಘ, ಒಂದೇ ನುಣುಪು ಪುಸ್ತಿಕೆ;
ಶಾಸನಸಭೆಯ ಹಜಾರದಲ್ಲಿ ಅವರ ಮನುಷ್ಯ
ಎಲ್ಲ ಸದಸ್ಯರ ಮಕ್ಕಳ ಹೆಸರೂ ಬಲ್ಲ.
ಇವರೋ, ಕಳೆದ ವರ್ಷ ಒಂದೇ ಹೆದ್ದಾರಿ ಕೇಳಲು
ಮೂರು ದಿನ, ಮೂವರು, ಮೂರು ಲೆಕ್ಕ ಹಿಡಿದು ಹೋದರು.
ನಾಲ್ಕನೆಯ ದಿನ ಹೆದ್ದಾರಿ ಬೆಳ್ಳಗಾಯಿತು.

ಹೆಸರಿಗೇ ಎರಡೂವರೆ ತಾಸು.
ಬರೆದೆ, ಹೊಡೆದುಹಾಕಿದೆ, ಬರೆದೆ.
ಎರಡು ಪದ ಕೂಡಬೇಕಾದರೆ
ಒಂದು ಅಕ್ಷರ ಬೀಳಬೇಕು, ಇಲ್ಲವೆ ಇಬ್ಬರದೂ ಅಲ್ಲದ್ದೊಂದು
ನಡುವೆ ಬಂದು ಕೂರಬೇಕು.
ಲೋಪಕ್ಕೂ ಒಲ್ಲರು, ಆಗಮಕ್ಕೂ ಒಲ್ಲರು.
ವಂತಿಗೆಯ ಮಾತು ಬರುವಷ್ಟರಲ್ಲಿ ಕಾಫಿ ಮುಗಿದಿತ್ತು.

ಆಗ ಕ್ಲಿಫರ್ಡ್ ಡೆಕೊಟೊ,
ಮೂವತ್ತೆಂಟು ವರ್ಷ ಬಿಸಿ ಡಾಂಬರಿಗೆ ಹಲುಬೆ ಹಿಡಿದವ,
ಸಭೆಗೆ ಬಂದದ್ದು ಟ್ವೆಟನ್ನನ ಕಾರು ಓಡಿಸಲಿಕ್ಕೆ,
ಕಾಲ ಬಳಿಯ ಚೀಲದಿಂದ ಒಂದು ಕರಿ ಗುಂಡು ತೆಗೆದ.
ರಸ್ತೆಯನ್ನು ಕೊರೆದು ಕಿತ್ತದ್ದು, ಕೈತುಂಬ ಭಾರ.
ಮೇಜಿನಿಂದ ಮೇಜಿಗೆ ಹೋಯಿತು.
ಫೆಟರ್ ಅದರಲ್ಲಿ ತನ್ನ ಕ್ವಾರಿಯ ಕಂದುಗಲ್ಲು ಗುರುತಿಸಿದಳು.
ಬೆಕ್ಲುಂಡ್ ಮೂಸಿದ.
ಟ್ವೆಟನ್ ನಡುವಿನ ಸೀಳನ್ನು ಹೆಬ್ಬೆರಳಲ್ಲಿ ಸವರಿ
ತಲೆ ತಗ್ಗಿಸಿದ.

"ಕಿಲ್ಡೀರ್ ರಸ್ತೆಯ ನಡುಗೆರೆ ಇದು," ಎಂದ ಡೆಕೊಟೊ.
"ಎಡಪಟ್ಟಿ ಸೋಮವಾರ ಹಾಸಿದೆವು, ಬಲಪಟ್ಟಿ ಬುಧವಾರ.
ಎಷ್ಟು ರೋಲರ್ ಹೊಡೆದರೂ
ತಣಿದದ್ದು ಬಿಸಿಯದನ್ನು ಕಚ್ಚುವುದಿಲ್ಲ.
ನೀರಿಗೆ ಅಷ್ಟು ಸಾಕು. ಎರಡು ಚಳಿಗಾಲ, ಮುಗೀತು.
ಎರಡು ಯಂತ್ರ, ಒಂದರ ಹೆಗಲ ಹಿಂದೆ ಇನ್ನೊಂದು,
ಎರಡೂ ಹೊಗೆಯಾಡುತ್ತಿರುವಾಗಲೇ ಹಾಸಿಬಿಟ್ಟರೆ
ಸಂಧಿ ಎಲ್ಲಿದೆಯೆಂದು ಆಮೇಲೆ ನನಗೇ ಸಿಗುವುದಿಲ್ಲ."
ಇಷ್ಟು ಹೇಳಿ ಸಿಗರೇಟು ಸೇದಲು ಹೊರಗೆ ಹೋದ,
ಆ ಚಳಿಗೆ, ಟೊಪ್ಪಿಗೆಯಿಲ್ಲದೆ.

ಒಂದಾದರು ಎಂದು ಬರೆಯಲಾರೆ.
ನಡಾವಳಿಯಲ್ಲಿ ಇರುವುದು ಇಷ್ಟು:
ಹೆಸರು ಮುಂದಿನ ಸಭೆಗೆ. ವಂತಿಗೆ ಟನ್ನಿಗೆ ಎರಡು ಸೆಂಟು,
ಒಂದು ವರ್ಷದ ಮಟ್ಟಿಗೆ. ಶಾಸನಸಭೆಗೆ ಒಬ್ಬರೇ, ಒಂದೇ ಲೆಕ್ಕ ಹಿಡಿದು.
ಅದು ಫೆಟರ್ ಆಗಲಿ ಎಂದದ್ದು ಬೆಕ್ಲುಂಡ್.
"ಪೂರಾ ಒತ್ತಬೇಡಿ," ಎಂದ ಟ್ವೆಟನ್, ದಿನದ ಮೊದಲ ಮಾತು,
"ನೂರಕ್ಕೆ ನಾಲ್ಕು ಪಾಲು ಗಾಳಿ ಉಳಿಯಬೇಕು,
ಇಲ್ಲದಿದ್ದರೆ ಜುಲೈನಲ್ಲಿ ರಸ್ತೆ ಬೆವರುತ್ತದೆ."
ಅದನ್ನೂ ಬರಕೊಳ್ಳಲೇ ಎಂದು ಕೇಳಿದೆ.
ಬರಕೋ ಅಂದ.

ಬಲೂನೊಂದು ತಾನಾಗಿ ಇಳಿದು ಖಾಲಿ ಮೇಜಿನ ಮೇಲೆ ಕೂತಿತು.
ಗುಂಡನ್ನು ಯಾರೂ ಒಯ್ಯಲಿಲ್ಲ;
ಬಾಗಿಲು ಬಡಿಯದಂತೆ ಮೋಟೆಲಿನ ಹುಡುಗಿ
ಕಾಲಲ್ಲೇ ತಳ್ಳಿ ಅದನ್ನು ಆನಿಸಿದ್ದಳು.

ನನ್ನ ಮನೆಯ ದಾರಿ ಕಾಂಕ್ರೀಟು.
ಹದಿನೈದಡಿಗೊಮ್ಮೆ ಗಾಲಿ ಧಡ್ ಎನ್ನುತ್ತದೆ, ಧಡ್,
ಹನ್ನೊಂದು ವರ್ಷ ಓಡಾಡಿದ್ದೇನೆ,
ಕೇಳಿಸಿರಲಿಲ್ಲ.